ಬುಸಾನ್‌ಗೆ ಹೋಗಿ ಬಂದ 130 ಮಂದಿ: ಬಾಂಗ್ಲಾದೇಶ ಗಾರ್ಮೆಂಟ್ಸ್ ಕಲಿತ ಕಥೆ

ಅಂಗಿ ಹೊಲಿಯುವುದನ್ನು ಕಲಿಯಲು ಯಾರಾದರೂ ವಿಮಾನ ಹತ್ತಿ ಪರದೇಶಕ್ಕೆ ಹೋಗುತ್ತಾರೆಯೇ? ನಮ್ಮ ಊರುಗಳಲ್ಲಿ ಅದು ಸಂತೆಬೀದಿಯ ಟೈಲರ್ ಅಂಗಡಿಯಲ್ಲಿ ಕಾಜಾ ಮಾಡುತ್ತಾ, ಗುಂಡಿ ಹಚ್ಚುತ್ತಾ ಕಲಿಯುವ ವಿದ್ಯೆ. ಆದರೆ 1979ರಲ್ಲಿ ಬಾಂಗ್ಲಾದೇಶದ 130 ಮಂದಿ ಇದೇ ಕೆಲಸಕ್ಕೆ ದಕ್ಷಿಣ ಕೊರಿಯಾದ ಬುಸಾನ್ ಎಂಬ ಬಂದರು ನಗರಕ್ಕೆ ಹೋದರು. ಆರು ತಿಂಗಳು ಅಲ್ಲಿನ ಡೇವೂ ಕಂಪನಿಯ ಕಾರ್ಖಾನೆಯಲ್ಲಿ ಕಲಿತು ವಾಪಸ್ ಬಂದರು. ಮುಂದಿನ ಹತ್ತು ವರ್ಷದೊಳಗೆ ಆ 130ರಲ್ಲಿ 115 ಮಂದಿ ತಮ್ಮನ್ನು ಕಳಿಸಿದ ಕಂಪನಿಯನ್ನೇ ಬಿಟ್ಟು ಹೊರಟಿದ್ದರು.

ಕಂಪನಿಯ ಲೆಕ್ಕದಲ್ಲಿ ಇದು ನಷ್ಟ. ದೇಶದ ಲೆಕ್ಕದಲ್ಲಿ ಏನಾಯಿತು ಎಂಬುದೇ ಈ ಬರಹದ ವಿಷಯ.

ಬಹುರಾಷ್ಟ್ರೀಯ ಕಂಪನಿಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗೆ ಎರಡು ಸಿದ್ಧ ಉತ್ತರಗಳಿವೆ. ಕಂಪನಿ ಬಂದರೆ ಉದ್ಯೋಗ ಬರುತ್ತದೆ ಎಂಬುದು ಒಂದು. ಕಂಪನಿ ಬಂದರೆ ದೋಚಿಕೊಂಡು ಹೋಗುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಸಾಕಷ್ಟು ಉದಾಹರಣೆಗಳಿವೆ. ಆದರೆ ಕಂಪನಿಯಲ್ಲಿ ಕಲಿತವರು ಆಮೇಲೆ ಏನಾದರು, ಆ ಕಲಿಕೆ ಗೇಟಿನಾಚೆ ಎಷ್ಟು ದೂರ ಹೋಯಿತು, ಯಾರ ಕೈಗೆ ಹೋಯಿತು ಎಂದು ಕೇಳುವುದು ಕಡಿಮೆ. ಈ ಪ್ರಶ್ನೆ ಕೇಳಲು ಡೇವೂ ಮತ್ತು ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ನಡುವಿನ ಒಪ್ಪಂದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

1970ರ ದಶಕದ ಬಾಂಗ್ಲಾದೇಶವನ್ನು ನೆನಪಿಸಿಕೊಳ್ಳಿ. 1971ರಲ್ಲಿ ರಕ್ತಪಾತದ ನಡುವೆ ಸ್ವಾತಂತ್ರ್ಯ. 1974ರಲ್ಲಿ ಭೀಕರ ಕ್ಷಾಮ. 1975ರಲ್ಲಿ ಶೇಖ್ ಮುಜೀಬುರ್ ರಹಮಾನ್ ಹತ್ಯೆ. ಹೊರದೇಶಕ್ಕೆ ಮಾರಲು ಇದ್ದದ್ದು ಮುಖ್ಯವಾಗಿ ಸೆಣಬು ಮತ್ತು ಸೆಣಬಿನ ಸರಕು. ಅದಕ್ಕೂ ಪ್ಲಾಸ್ಟಿಕ್ ಪೈಪೋಟಿ ಕೊಡತೊಡಗಿತ್ತು. ಸಿದ್ಧ ಉಡುಪು ಎನ್ನುವ ಉದ್ಯಮ ಹೆಸರಿಗಷ್ಟೇ ಇತ್ತು. ಢಾಕಾದಲ್ಲಿ ಟೈಲರಿಂಗ್ ಅಂಗಡಿಯಿಂದ ಬೆಳೆದಿದ್ದ ರಿಯಾಜ್ ಗಾರ್ಮೆಂಟ್ಸ್ 1978ರಲ್ಲಿ 10,000 ಅಂಗಿಗಳನ್ನು ಪ್ಯಾರಿಸ್ಸಿಗೆ ಕಳಿಸಿತ್ತು. ಅದನ್ನೇ ದೊಡ್ಡ ಸಾಧನೆ ಎಂದು ಇಂದಿಗೂ ನೆನೆಯುತ್ತಾರೆ.

ಇಂಥ ದೇಶದ ಮೇಲೆ ಕೊರಿಯಾದ ದೈತ್ಯ ಕಂಪನಿಯ ಕಣ್ಣು ಬಿದ್ದದ್ದೇಕೆ? ಕೂಲಿ ಅಗ್ಗ ಎನ್ನುವುದು ಅರ್ಧ ಉತ್ತರ. ಇನ್ನರ್ಧ ಉತ್ತರ ಕೋಟಾ. 1974ರಲ್ಲಿ ಜಾರಿಗೆ ಬಂದ ಮಲ್ಟಿ ಫೈಬರ್ ಅಗ್ರಿಮೆಂಟ್ ಪ್ರಕಾರ ಅಮೆರಿಕ, ಯುರೋಪಿನ ದೇಶಗಳು ಯಾವ ದೇಶದಿಂದ ಎಷ್ಟು ಬಟ್ಟೆ ಬರಬೇಕು ಎಂದು ಮಿತಿ ಹಾಕಬಹುದಿತ್ತು. ಕೊರಿಯಾ, ತೈವಾನ್, ಹಾಂಕಾಂಗ್ ಆಗಲೇ ಉಡುಪು ರಫ್ತಿನಲ್ಲಿ ಮುಂದಿದ್ದರಿಂದ ಅವುಗಳ ಮೇಲೆ ಹಿಡಿತ ಬಿಗಿಯಾಗಿತ್ತು. ಬಾಂಗ್ಲಾದೇಶ ರಫ್ತನ್ನೇ ಮಾಡುತ್ತಿರಲಿಲ್ಲ, ಹಾಗಾಗಿ ಅದರ ಮೇಲೆ ಮಿತಿಯೂ ಇರಲಿಲ್ಲ. ಕೊರಿಯಾದಲ್ಲಿ ಹೊಲಿದರೆ ಕೋಟಾ ಅಡ್ಡ ಬರುವ ಅಂಗಿಯನ್ನು ಬಾಂಗ್ಲಾದೇಶದಲ್ಲಿ ಹೊಲಿದರೆ ಅಮೆರಿಕದ ಬಾಗಿಲು ತೆರೆದಿತ್ತು. ಡೇವೂ ಅಲ್ಲಿಗೆ ಬಂದದ್ದು ದಾನಕ್ಕಲ್ಲ, ವ್ಯಾಪಾರಕ್ಕೆ.

ಡೇವೂ ಎಂದರೆ ನಮಗೆ 90ರ ದಶಕದ ಸಿಯೆಲೊ, ಮಟೀಜ್ ಕಾರುಗಳು ನೆನಪಾಗುತ್ತವೆ. ಆದರೆ ಕಿಮ್ ವೂ ಚೂಂಗ್ 1967ರಲ್ಲಿ ಆ ಕಂಪನಿ ಕಟ್ಟಿದ್ದು ಬಟ್ಟೆ ವ್ಯಾಪಾರಕ್ಕೆ. ಅವರಿಗೆ ಬಾಂಗ್ಲಾದೇಶದಲ್ಲಿ ಜೊತೆಯಾದವರು ನೂರುಲ್ ಕಾದರ್. ಅವರು ಉದ್ಯಮಿಗಳ ಮನೆತನದವರಲ್ಲ, ಸರ್ಕಾರಿ ಅಧಿಕಾರಿ. 1971ರ ಮಾರ್ಚ್‌ನಲ್ಲಿ ಪಾಬ್ನಾ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆಗಿದ್ದವರು ಪಾಕಿಸ್ತಾನದ ಸೇನೆಯ ವಿರುದ್ಧ ನಿಂತು ವಿಮೋಚನಾ ಹೋರಾಟ ಸೇರಿದರು. ಆಮೇಲೆ ನೌಕರಿ ಬಿಟ್ಟು ದೇಶ್ ಗಾರ್ಮೆಂಟ್ಸ್ ಸ್ಥಾಪಿಸಿದರು. 1978ರಲ್ಲಿ ಡೇವೂ ಮತ್ತು ದೇಶ್ ನಡುವೆ ಒಪ್ಪಂದವಾಯಿತು.

ಆ ಒಪ್ಪಂದದ ಸ್ವರೂಪ ಗಮನಿಸಬೇಕು. ಕಾರ್ಖಾನೆಯಲ್ಲಿ ಡೇವೂಗೆ ಪಾಲಿರಲಿಲ್ಲ. ಬಂಡವಾಳ, ಮಾಲೀಕತ್ವ ಎರಡೂ ಬಾಂಗ್ಲಾದೇಶದವರದ್ದು. ಡೇವೂ ತರಬೇತಿ ಕೊಡುತ್ತದೆ, ಯಂತ್ರ ಕೊಡಿಸುತ್ತದೆ, ಕಾರ್ಖಾನೆ ನಿಲ್ಲಿಸಿಕೊಡುತ್ತದೆ, ಮಾಲು ಮಾರಿಕೊಡುತ್ತದೆ. ಅದಕ್ಕೆ ಪ್ರತಿಯಾಗಿ ರಾಯಲ್ಟಿ ಮತ್ತು ಕಮಿಷನ್ ಸೇರಿ ಮಾರಾಟದ ಶೇ 8ರಷ್ಟು ಅದಕ್ಕೆ ಸಲ್ಲಬೇಕು. ಹೊರಗಿನ ಕಂಪನಿ ತನ್ನದೇ ಬೇಲಿ ಹಾಕಿಕೊಂಡು ಒಳಗೆ ಕುಳಿತಿದ್ದರೆ ಮುಂದಿನ ಕಥೆ ಹೀಗೆ ನಡೆಯುತ್ತಿತ್ತು ಎಂದು ಹೇಳಲಾಗದು.

ತರಬೇತಿಗೆ ಹೋದ 130 ಜನರಲ್ಲಿ ಕಾರ್ಮಿಕರೂ ಇದ್ದರು, ನಿರ್ವಹಣಾ ಸಿಬ್ಬಂದಿಯೂ ಇದ್ದರು. ಮಹಿಳೆಯರೂ ಹೋಗಿದ್ದರು. ಹೊಲಿಗೆ ಮಾತ್ರ ಕಲಿಯುವುದಾಗಿದ್ದರೆ ಆರು ತಿಂಗಳು ಬೇಕಿರಲಿಲ್ಲ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಂದು ಅಂಗಿಯನ್ನು ಒಬ್ಬರು ಹೊಲಿಯುವುದಿಲ್ಲ. ಕಾಲರ್ ಒಬ್ಬರು, ಕಫ್ ಒಬ್ಬರು, ತೋಳು ಕೂಡಿಸುವವರು ಇನ್ನೊಬ್ಬರು. ಸಾಲಿನಲ್ಲಿ ಒಬ್ಬರ ಕೈ ನಿಧಾನವಾದರೆ ಹಿಂದೆ ರಾಶಿ ಬೀಳುತ್ತದೆ, ಮುಂದಿನವರು ಸುಮ್ಮನೆ ಕೂರುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಜನ ಎಂದು ಕೂಡಿಸುವುದೇ ಒಂದು ವಿದ್ಯೆ. ನೂರಾರು ಪದರ ಬಟ್ಟೆಯನ್ನು ಒಟ್ಟಿಗೆ ಕತ್ತರಿಸುವಾಗ ಅಳತೆಯ ಚೂರುಗಳನ್ನು ಹೇಗೆ ಜೋಡಿಸಿದರೆ ಬಟ್ಟೆ ಉಳಿಯುತ್ತದೆ ಎಂಬುದು ಇನ್ನೊಂದು. ಖರೀದಿದಾರರಿಗೆ ದರ ಹೇಳುವುದು, ಸ್ಯಾಂಪಲ್ ಒಪ್ಪಿಸುವುದು, ಗುಣಮಟ್ಟದ ತಪಾಸಣೆ, ಹಡಗಿಗೆ ಏರಿಸುವ ದಿನಾಂಕ ತಪ್ಪದಂತೆ ನೋಡಿಕೊಳ್ಳುವುದು, ಬ್ಯಾಂಕು ಮತ್ತು ಕಸ್ಟಮ್ಸ್ ಕಾಗದ ಪತ್ರ ಇವೆಲ್ಲ ಬೇರೆ. ಪುಸ್ತಕ ಓದಿ ಬರುವ ವಿದ್ಯೆಯಲ್ಲ ಇದು, ನಡೆಯುವ ಕಾರ್ಖಾನೆಯೊಳಗೆ ನಿಂತೇ ಕಲಿಯಬೇಕು.

1980ರ ಏಪ್ರಿಲ್‌ನಲ್ಲಿ ಚಿತ್ತಗಾಂಗ್‌ನ ಕಾಲುರ್‌ಘಾಟ್‌ನಲ್ಲಿ ದೇಶ್ ಕಾರ್ಖಾನೆ ಶುರುವಾಯಿತು. 450 ಯಂತ್ರ, 500 ಕೆಲಸಗಾರರು. ಮೊದಲ ವರ್ಷ ತಯಾರಾದ ಅಂಗಿಗಳು 43,000. ಅವುಗಳ ಒಟ್ಟು ಬೆಲೆ 55,050 ಡಾಲರ್. ಒಂದು ಅಂಗಿಗೆ ಸುಮಾರು ಒಂದೂಕಾಲು ಡಾಲರ್ ಬಿತ್ತು. ಅದರಲ್ಲಿ ಡೇವೂ ಪಾಲು ಶೇ 8 ಎಂದರೆ ಸುಮಾರು 4,400 ಡಾಲರ್.

1981ರ ಜೂನ್ 30ಕ್ಕೆ ನೂರುಲ್ ಕಾದರ್ ಒಪ್ಪಂದವನ್ನೇ ರದ್ದು ಮಾಡಿದರು. ಕಾರ್ಖಾನೆ ಶುರುವಾಗಿ ಇನ್ನೂ ಒಂದೂವರೆ ವರ್ಷ ಆಗಿರಲಿಲ್ಲ. ಕೊರಿಯಾದವರ ನೆರವಿಲ್ಲದೆ ಖರೀದಿ, ಮಾರಾಟ ಎಲ್ಲವನ್ನೂ ತಾವೇ ಮಾಡಬಲ್ಲೆವು ಎಂಬ ಧೈರ್ಯ ಬಂದಿತ್ತು. ಗುರುವಿಗೇ ತಿರುಮಂತ್ರ ಅನ್ನಬಹುದು. ಆದರೆ ಆ ಧೈರ್ಯ ಹುಸಿಯಾಗಲಿಲ್ಲ. 1987ರ ಹೊತ್ತಿಗೆ ದೇಶ್ ವರ್ಷಕ್ಕೆ 23 ಲಕ್ಷ ಅಂಗಿ ಹೊಲಿದು 53 ಲಕ್ಷ ಡಾಲರ್ ವಹಿವಾಟು ಮಾಡುತ್ತಿತ್ತು.

ದೇಶ್ ಡೇವೂಗೆ ಮಾಡಿದ್ದನ್ನೇ ದೇಶ್ ನೌಕರರು ದೇಶ್‌ಗೆ ಮಾಡಿದರು. ಬುಸಾನ್‌ನಲ್ಲಿ ಕಲಿತು ಬಂದವರು ಒಬ್ಬೊಬ್ಬರಾಗಿ ಹೊರಬಿದ್ದರು. ಕೆಲವರು ಸ್ವಂತ ಕಾರ್ಖಾನೆ ಹಾಕಿದರು. ಕೆಲವರನ್ನು ಹೊಸ ಮಾಲೀಕರು ಹೆಚ್ಚು ಸಂಬಳಕ್ಕೆ ಕರೆದುಕೊಂಡು ಹೋಗಿ ಕಾರ್ಖಾನೆ ನಡೆಸಲು ಕೂರಿಸಿದರು. ಅಂಗಿಯಿಂದ ಪ್ಯಾಂಟು, ಕೋಟು, ಕೈಗವಸುಗಳಿಗೂ ಉದ್ಯಮ ಹರಡಿತು. ಹೋದವರು ತಮ್ಮ ಕೆಳಗಿನವರಿಗೆ ಕಲಿಸಿದರು, ಅವರು ಇನ್ನೊಂದು ಕಡೆ ಹೋಗಿ ಮತ್ತೊಬ್ಬರಿಗೆ ಕಲಿಸಿದರು. 1985ರ ಹೊತ್ತಿಗೆ ಬಾಂಗ್ಲಾದೇಶದಲ್ಲಿ ರಫ್ತಿಗೆ ಹೊಲಿಯುವ ಕಾರ್ಖಾನೆಗಳ ಸಂಖ್ಯೆ ಸುಮಾರು 700 ಆಗಿತ್ತು. ಬೆಳವಣಿಗೆ ಎಷ್ಟು ಜೋರಾಗಿತ್ತೆಂದರೆ ಅದೇ ವರ್ಷ ಅಮೆರಿಕ ಬಾಂಗ್ಲಾದೇಶದ ಮೇಲೂ ಕೋಟಾ ಹೇರಿತು.

ವಿಶ್ವಬ್ಯಾಂಕ್‌ನ ಅರ್ಥಶಾಸ್ತ್ರಜ್ಞರು ಈ ಕಥೆಯನ್ನು ಬಹಳ ಮೆಚ್ಚಿ ಬರೆದಿದ್ದಾರೆ. ಜ್ಞಾನ ಸೋರುತ್ತದೆ, ಸೋರಿದ ಜ್ಞಾನದಿಂದ ದೇಶ ಬೆಳೆಯುತ್ತದೆ ಎಂಬುದು ಅವರ ವಾದ. ಅದು ನಿಜ. ಆದರೆ ವಿದ್ಯೆ ಕಲಿತ ಮಾತ್ರಕ್ಕೆ ಸಂಬಳದ ನೌಕರನೊಬ್ಬ ರಫ್ತು ಕಾರ್ಖಾನೆ ಹಾಕುವುದು ಹೇಗೆ? ಬಟ್ಟೆ ಕೊಳ್ಳಲು ಅವನಿಗೆ ಹಣವೆಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಎರಡು ಸರ್ಕಾರಿ ವ್ಯವಸ್ಥೆಗಳಲ್ಲಿದೆ. ಎರಡೂ ಕೊರಿಯಾದ ಅನುಭವದ ಬೆಳಕಿನಲ್ಲಿ ಬಂದವು.

ಮೊದಲನೆಯದು ಬ್ಯಾಕ್ ಟು ಬ್ಯಾಕ್ ಎಲ್‌ಸಿ. ಉದಾಹರಣೆಗೆ, ಅಮೆರಿಕದ ವ್ಯಾಪಾರಿಯೊಬ್ಬ 100 ರೂಪಾಯಿಯ ಅಂಗಿಗೆ ಆರ್ಡರ್ ಕೊಡುತ್ತಾನೆ ಎಂದುಕೊಳ್ಳಿ. ಮಾಲು ತಲುಪಿಸಿದರೆ ಹಣ ಕೊಡುತ್ತೇವೆ ಎಂದು ಅವನ ಬ್ಯಾಂಕು ಕೊಡುವ ಖಾತರಿ ಪತ್ರವೇ ಎಲ್‌ಸಿ. ಕಾರ್ಖಾನೆಯವನು ಆ ಪತ್ರವನ್ನು ಢಾಕಾದ ಬ್ಯಾಂಕಿಗೆ ಕೊಡುತ್ತಾನೆ. ಬ್ಯಾಂಕು ಅದನ್ನೇ ಆಧಾರವಾಗಿಟ್ಟುಕೊಂಡು, ಹೊರದೇಶದಲ್ಲಿ ಬಟ್ಟೆ ಮಾರುವವನ ಹೆಸರಿಗೆ 70 ರೂಪಾಯಿಯ ಇನ್ನೊಂದು ಎಲ್‌ಸಿ ತೆರೆಯುತ್ತದೆ. ಬಟ್ಟೆ ಸಾಲದ ಮೇಲೆ ಬರುತ್ತದೆ. ಅಂಗಿ ಹೊಲಿದು ಹಡಗಿಗೆ ಹಾಕಿದ ಮೇಲೆ 100 ರೂಪಾಯಿ ಬರುತ್ತದೆ. ಬ್ಯಾಂಕು ಬಟ್ಟೆಯವನ 70 ರೂಪಾಯಿ ಕೊಟ್ಟು ಉಳಿದದ್ದನ್ನು ಕಾರ್ಖಾನೆಗೆ ಕೊಡುತ್ತದೆ. ಬಟ್ಟೆಗಾಗಿ ಕಾರ್ಖಾನೆಯವನು ಜೇಬಿನಿಂದ ಹಣ ಹಾಕಬೇಕಿಲ್ಲ. ಜಮೀನು ಅಡವಿಡಬೇಕಿಲ್ಲ. ಕೈಯಲ್ಲಿ ಆರ್ಡರ್ ಇದ್ದರೆ ಸಾಕು.

ಎರಡನೆಯದು ಬಾಂಡೆಡ್ ವೇರ್‌ಹೌಸ್. ರಫ್ತಿಗೆಂದು ತಂದ ಬಟ್ಟೆಗೆ ಆಮದು ಸುಂಕವಿಲ್ಲ. ಕಸ್ಟಮ್ಸ್ ಉಸ್ತುವಾರಿಯ ಗೋದಾಮಿನಲ್ಲಿಟ್ಟು, ಎಷ್ಟು ಬಂತು ಎಷ್ಟು ಹೊಲಿದು ಹೊರಹೋಯಿತು ಎಂದು ಲೆಕ್ಕ ಒಪ್ಪಿಸಬೇಕು ಅಷ್ಟೆ. ಬೇರೆ ಎಷ್ಟೋ ದೇಶಗಳಲ್ಲಿ ಇಂಥ ಸೌಲಭ್ಯ ಸಿಗುತ್ತಿದ್ದುದು ಬೇಲಿ ಹಾಕಿದ ರಫ್ತು ವಲಯದೊಳಗಿನ ಕಂಪನಿಗಳಿಗೆ. ಇಲ್ಲಿ ವಲಯದ ಹೊರಗೆ, ಊರಿನ ಯಾವುದೋ ಬೀದಿಯಲ್ಲಿದ್ದ ಕಾರ್ಖಾನೆಗೂ ಅದು ಸಿಕ್ಕಿತು. ಯಂತ್ರಗಳನ್ನು ಹೊಂದಿಸಿಕೊಂಡು, ಯಾವುದಾದರೂ ಕಟ್ಟಡದಲ್ಲಿ ಒಂದೆರಡು ಮಹಡಿ ಬಾಡಿಗೆಗೆ ಹಿಡಿದರೆ ರಫ್ತುದಾರರಾಗಬಹುದಿತ್ತು.

ಹಾಗಾಗಿ ಬಾಂಗ್ಲಾದೇಶದ ಉದ್ಯಮವನ್ನು ಡೇವೂ ಕಟ್ಟಿತು ಎನ್ನುವುದು ಪೂರ್ತಿ ಸರಿಯಲ್ಲ. ಬೀಜ ಅದರದ್ದು. ಬಂಡವಾಳವಿಲ್ಲದವರ ಕೈಯಲ್ಲೂ ಅದು ಮೊಳೆಯುವಂತೆ ನೆಲ ಹದ ಮಾಡಿದ್ದು ಆ ದೇಶದ ಬ್ಯಾಂಕು, ಕಸ್ಟಮ್ಸ್ ನಿಯಮಗಳು. ಎರಡರಲ್ಲಿ ಒಂದಿಲ್ಲದಿದ್ದರೂ 130 ಜನ ಒಳ್ಳೆಯ ನೌಕರರಾಗಿಯೇ ನಿವೃತ್ತರಾಗುತ್ತಿದ್ದರೇನೋ.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಯಶಸ್ಸಿನ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಕಾರ್ಖಾನೆ ಬಿಟ್ಟು ಹೋಗಿ ಮಾಲೀಕರಾದವರು ಯಾರು ಎಂದು ನೋಡಿದರೆ ಚಿತ್ರ ಬದಲಾಗುತ್ತದೆ. ದರ ಮಾತಾಡಬಲ್ಲವರು, ಬ್ಯಾಂಕಿನ ಕಾಗದ ಓದಬಲ್ಲವರು, ಖರೀದಿದಾರರ ಪರಿಚಯ ಇದ್ದವರು ಹೋದರು. ಅವರ ಜೊತೆಗೆ ನಿವೃತ್ತ ಅಧಿಕಾರಿಗಳು, ಸೇನೆಯಲ್ಲಿದ್ದವರು, ವ್ಯಾಪಾರಿಗಳು ಈ ರಂಗಕ್ಕೆ ಬಂದರು. ಕಾಲರ್ ಹೊಲಿಯುತ್ತಿದ್ದ ಹೆಣ್ಣುಮಗಳ ಕೈಗೆ ಹತ್ತಿದ್ದು ಇಡೀ ಅಂಗಿಯ ವಿದ್ಯೆಯಲ್ಲ, ಕಾಲರಿನ ವಿದ್ಯೆ ಮಾತ್ರ. ಕಾಲರ್ ವಿದ್ಯೆ ತೆಗೆದುಕೊಂಡು ಹೊರಗೆ ಹೋದರೆ ಇನ್ನೊಂದು ಕಾರ್ಖಾನೆಯಲ್ಲಿ ಕಾಲರ್ ಹೊಲಿಯಬಹುದು, ಅಷ್ಟೆ.

ಆಕೆಗೆ ಏನೂ ಸಿಗಲಿಲ್ಲ ಎಂದಲ್ಲ. ಹಳ್ಳಿಯಿಂದ ಬಂದ ಲಕ್ಷಾಂತರ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ ಎಂಬುದು ಮೊದಲ ಬಾರಿಗೆ ಕಂಡಿತು. ಮನೆಯಲ್ಲಿ ಅವರ ಮಾತಿಗೆ ಬೆಲೆ ಬಂತು. ತಂಗಿಯರನ್ನು ಓದಿಸಿದರು, ಮದುವೆ ಮುಂದೂಡಿದರು. ಇದು ಸಣ್ಣ ಬದಲಾವಣೆಯಲ್ಲ. ಆದರೆ ಕೂಲಿಯ ಚರಿತ್ರೆ ಬೇರೆ ಮಾತು ಹೇಳುತ್ತದೆ. 1994ರಲ್ಲಿ ಗಾರ್ಮೆಂಟ್ಸ್ ಕಾರ್ಮಿಕರ ಕನಿಷ್ಠ ವೇತನ ತಿಂಗಳಿಗೆ 930 ಟಾಕಾ ಎಂದು ನಿಗದಿಯಾಯಿತು. ಅದು ಮತ್ತೆ ಬದಲಾದದ್ದು 2006ರಲ್ಲಿ, 1,662 ಟಾಕಾ 50 ಪೈಸೆಗೆ. ನಡುವಿನ 12 ವರ್ಷ ರಫ್ತು ಏರುತ್ತಲೇ ಇತ್ತು, ಕನಿಷ್ಠ ವೇತನದ ಅಂಕಿ ನಿಂತಲ್ಲೇ ನಿಂತಿತ್ತು. 700 ಕಾರ್ಖಾನೆ ಸಾವಿರಗಳಾದಾಗ ಖರೀದಿದಾರರಿಗೆ ಆಯ್ಕೆ ಹೆಚ್ಚಾಯಿತು. ಒಬ್ಬ ಮಾಲೀಕ ಒಪ್ಪದ ದರಕ್ಕೆ ಪಕ್ಕದ ಬೀದಿಯವನು ಒಪ್ಪುತ್ತಿದ್ದ. ಕಾರ್ಖಾನೆ ಹಾಕುವುದು ಸುಲಭವಾದಷ್ಟೂ ದರಕ್ಕೆ ಚೌಕಾಸಿ ಮಾಡುವ ಶಕ್ತಿ ಕುಗ್ಗಿತು.

ಬಾಡಿಗೆ ಮಹಡಿಯ ಮಾತು ಇಲ್ಲಿ ಮತ್ತೆ ಬರುತ್ತದೆ. ಕಡಿಮೆ ಬಂಡವಾಳದವರಿಗೆ ಬಾಗಿಲು ತೆರೆದದ್ದೇ ಆ ಮಹಡಿ. ಅಂಗಡಿ, ಕಚೇರಿಗೆಂದು ಕಟ್ಟಿದ ಕಟ್ಟಡಗಳ ಮೇಲೆ ಯಂತ್ರಗಳು, ಜನರೇಟರ್‌ಗಳು, ಬಟ್ಟೆಯ ರಾಶಿ, ಸಾವಿರಾರು ಜನ ಏರಿದರು. 2012ರ ನವೆಂಬರ್‌ನಲ್ಲಿ ತಜ್ರೀನ್ ಫ್ಯಾಷನ್ಸ್ ಕಾರ್ಖಾನೆಯ ಬೆಂಕಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಐದು ತಿಂಗಳ ನಂತರ, 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿಯಿತು. 8 ಮಹಡಿಯ ಆ ಕಟ್ಟಡದಲ್ಲಿ ಕೆಳಗೆ ಅಂಗಡಿಗಳು, ಬ್ಯಾಂಕ್ ಶಾಖೆ. ಮೇಲೆ ಐದು ಗಾರ್ಮೆಂಟ್ ಕಾರ್ಖಾನೆಗಳು. ಹಿಂದಿನ ದಿನವೇ ಕಟ್ಟಡದಲ್ಲಿ ಬಿರುಕು ಕಂಡಿತ್ತು. ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಕರೆಸಲಾಯಿತು. ಸತ್ತವರು 1,134 ಮಂದಿ.

ಬ್ಯಾಂಕಿನವರು ಹೊರಗೆ, ಕಾರ್ಮಿಕರು ಒಳಗೆ ಉಳಿದದ್ದೇಕೆ? ಹಡಗಿನ ದಿನಾಂಕ ಮತ್ತು ಎಲ್‌ಸಿಯ ಗಡುವು ಇದಕ್ಕೆ ದೊಡ್ಡ ಕಾರಣ. ಗಡುವು ತಪ್ಪಿದರೆ ಖರೀದಿದಾರ ದರ ಕಡಿತ ಮಾಡಬಹುದು, ಹಡಗಿನ ಬದಲು ವಿಮಾನದಲ್ಲಿ ಸ್ವಂತ ಖರ್ಚಿನಿಂದ ಕಳಿಸು ಎನ್ನಬಹುದು. ಎರವಲು ಬಟ್ಟೆ, ಬಾಡಿಗೆ ಕಟ್ಟಡದ ಮೇಲೆ ನಿಂತ ಉದ್ಯಮಕ್ಕೆ ಒಂದು ದಿನ ನಿಲ್ಲುವ ತಾಕತ್ತೂ ಇರಲಿಲ್ಲ. ಇದನ್ನು ಮಾಲೀಕರ ಪಾಪಕ್ಕೆ ಪರಿಹಾರವಾಗಿ ಹೇಳುತ್ತಿಲ್ಲ. ಉದ್ಯಮವನ್ನು ಬೇಗ ಹರಡಿಸಿದ ಗುಣಗಳೇ ಅದನ್ನು ಅಪಾಯದ ಅಂಚಿಗೂ ತಂದವು ಎಂಬುದನ್ನು ಮರೆಯಬಾರದು ಎಂದಷ್ಟೇ. ಕಾರ್ಖಾನೆಗಳ ಸುರಕ್ಷತೆ ತಪಾಸಣೆಗೆ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಕಾನೂನುಬದ್ಧ ಒಪ್ಪಂದ ಬಂದದ್ದು ರಾಣಾ ಪ್ಲಾಜಾ ಬಿದ್ದ ಮೇಲೆ, 2013ರ ಮೇ ತಿಂಗಳಲ್ಲಿ. ಡೇವೂ ಒಪ್ಪಂದವಾಗಿ ಆಗಲೇ 35 ವರ್ಷ ಆಗಿತ್ತು.

ಇಷ್ಟಾದರೂ ಬಾಂಗ್ಲಾದೇಶದ ಉದ್ಯಮ ಕುಸಿಯಲಿಲ್ಲ. 2005ರಲ್ಲಿ ಕೋಟಾ ವ್ಯವಸ್ಥೆ ಮುಗಿದಾಗ ಚೀನಾದ ಮುಂದೆ ಅದು ಕೊಚ್ಚಿಹೋಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಅಷ್ಟರಲ್ಲಿ ಎರಡನೇ ಸುತ್ತಿನ ಸ್ಥಳೀಯ ಉದ್ಯಮಗಳು ಬೆಳೆದಿದ್ದವು. ಗುಂಡಿ, ಜಿಪ್, ದಾರ, ಲೇಬಲ್, ರಟ್ಟಿನ ಪೆಟ್ಟಿಗೆ ಮಾಡುವವರು ಬಂದರು. ಟೀ ಶರ್ಟ್‌ನಂಥ ಹೆಣೆದ ಉಡುಪಿಗೆ ಬೇಕಾದ ನೂಲು, ಬಟ್ಟೆ ದೇಶದೊಳಗೇ ಸಿಗತೊಡಗಿತು. ಇಂದು ಆ ದೇಶದ ರಫ್ತಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಸಿದ್ಧ ಉಡುಪಿನದು. ಸುಮಾರು 40 ಲಕ್ಷ ಜನರಿಗೆ ಅದೇ ಅನ್ನ. ಕಲಿಸಿಕೊಟ್ಟ ಡೇವೂ ಸಮೂಹ 1999ರಲ್ಲಿ ಸಾಲದ ಹೊರೆಯಲ್ಲಿ ಮುಳುಗಿಹೋಯಿತು. ಶಿಷ್ಯರ ಉದ್ಯಮ ಗುರುವಿಗಿಂತ ಹೆಚ್ಚು ಬಾಳಿತು.

ನಮ್ಮ ರಾಜ್ಯದಲ್ಲಿ ಹೊರಗಿನ ತಂತ್ರಜ್ಞಾನ ಗೇಟು ದಾಟಿದ ಉದಾಹರಣೆಗಳಿಲ್ಲವೇ? ಇವೆ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿಯಲ್ಲಿ ಪಳಗಿದ ಕೈಗಳು ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಗೂ ಹರಡಿದವು. ಆದರೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರ ಕಥೆ ಚಿತ್ತಗಾಂಗಿನ ಕಥೆಗೆ ಹತ್ತಿರವಾದದ್ದು. ಇಲ್ಲಿಯ ರಫ್ತು ಬೆಳೆದದ್ದೂ ಅದೇ ಕೋಟಾ ಕಾಲದಲ್ಲಿ. ಆರ್ಡರ್ ಕೊಡುವ ವಿದೇಶಿ ಬ್ರ್ಯಾಂಡ್‌ಗಳೂ ಹಲವು ಅವೇ. ಬೆಳಿಗ್ಗೆ ರಾಮನಗರ, ಮಂಡ್ಯ, ದೊಡ್ಡಬಳ್ಳಾಪುರದ ಹಳ್ಳಿಗಳಿಂದ ವ್ಯಾನ್‌ಗಳಲ್ಲಿ ಹೊರಡುವ ಹೆಣ್ಣುಮಕ್ಕಳ ಕೈಯಲ್ಲೂ ಇರುವುದು ಕಾಲರಿನ ವಿದ್ಯೆ, ಕಫ್ಫಿನ ವಿದ್ಯೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದಾಗ ಸಾವಿರಾರು ಮಹಿಳೆಯರು ಬೆಂಗಳೂರಿನ ಹೆದ್ದಾರಿಗಿಳಿದು, ಕೇಂದ್ರ ಸರ್ಕಾರ ನಿಯಮ ಕೈಬಿಡುವಂತೆ ಮಾಡಿದ್ದು ನಮಗೆಲ್ಲ ಗೊತ್ತು. ಕಾರ್ಖಾನೆಯಲ್ಲಿ ಇಷ್ಟು ವರ್ಷ ದುಡಿದವರಿಗೆ ಕೊನೆಗೆ ಕೈಗೆ ಸಿಗುವ ಗಂಟು ಎಂದರೆ ಆ ಪಿಎಫ್ ಒಂದೇ ಎಂಬ ಸತ್ಯ ಆ ಸಿಟ್ಟಿನ ಹಿಂದಿತ್ತು.

ಜಿಲ್ಲೆಗೆ ಹೊಸ ಕಂಪನಿ ಬರುವ ಸುದ್ದಿ ಬರೆಯುವಾಗ ನಮ್ಮ ಕೈಗೆ ಸಿಗುವ ಪ್ರಕಟಣೆಯಲ್ಲಿ ಎರಡು ಅಂಕಿ ಇರುತ್ತವೆ. ಇಷ್ಟು ಕೋಟಿ ಹೂಡಿಕೆ, ಇಷ್ಟು ಸಾವಿರ ಉದ್ಯೋಗ. ನಾವೂ ಅದನ್ನೇ ಹೆಡ್‌ಲೈನ್ ಮಾಡುತ್ತೇವೆ. ಬಾಂಗ್ಲಾದೇಶದ ಚರಿತ್ರೆ ಓದಿದ ಮೇಲೆ ಇನ್ನೂ ಕೆಲವು ಪ್ರಶ್ನೆಗಳನ್ನು ಸುದ್ದಿಗೋಷ್ಠಿಯಲ್ಲಿ ಕೇಳಬೇಕು ಅನ್ನಿಸುತ್ತದೆ. ಸ್ಥಳೀಯರಿಗೆ ಯಾವ ಕೆಲಸ ಕಲಿಸುತ್ತೀರಿ, ಯಂತ್ರದ ಮುಂದಿನದೋ ಅಥವಾ ಯೋಜನೆ, ಖರೀದಿ, ಮಾರಾಟದ್ದೋ? ಬಿಡಿಭಾಗ, ಪ್ಯಾಕಿಂಗ್, ರಿಪೇರಿ ಸುತ್ತಲಿನ ತಾಲ್ಲೂಕಿನವರಿಗೆ ಕೊಡುತ್ತೀರಾ? ಇಲ್ಲಿ ಐದು ವರ್ಷ ದುಡಿದವರು ಸ್ವಂತ ಘಟಕ ಹಾಕಲು ಹೊರಟರೆ ಜಮೀನು ಅಡವಿಡದೆ ಸಾಲ ಕೊಡಲು ಲೀಡ್ ಬ್ಯಾಂಕ್ ಸಿದ್ಧವಿದೆಯೇ? ಟೈಲರ್ ಆಗಿ ಸೇರಿದ ಹೆಣ್ಣುಮಗಳು ಸೂಪರ್‌ವೈಸರ್ ಆಗಲು ನಿಮ್ಮಲ್ಲಿ ಎಷ್ಟು ವರ್ಷ ಬೇಕು, ಈಗ ಎಷ್ಟು ಸೂಪರ್‌ವೈಸರ್‌ಗಳು ಹೆಂಗಸರು?

ಕೊನೆಯ ಪ್ರಶ್ನೆಗೆ ಉತ್ತರ ಪ್ರಕಟಣೆಯಲ್ಲಿ ಇರುವುದಿಲ್ಲ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತರೆ ಸಿಗುತ್ತದೆ.